ನಾನು ಧೂಳು ಅಂದ ನಕ್ಷತ್ರ

ಲೋ ಡ್ರೈವರ್,

ಸತ್ತು ವರ್ಷವಾದ ಮೇಲೂ ನನ್ನ ಪಿತ್ತ ನೆತ್ತಿಗೇರಿಸುತ್ತೀಯಲ್ಲ, ನಿನಗೆ ಏನು ಹೇಳಲಿ?

ಇವತ್ತು ಮಧ್ಯಾಹ್ನ ಖಗೋಳ ಸಂಶೋಧನಾ ಕೇಂದ್ರದಿಂದ ಒಬ್ಬ ಹುಡುಗಿ ನನ್ನ ಕನ್ನಡಕದ ಅಂಗಡಿಗೆ ಫೋನ್ ಮಾಡಿದ್ದಳು. ಹವ್ಯಾಸಿಗಳು ಕಂಡುಹಿಡಿದ ನಕ್ಷತ್ರಗಳ ಬಗ್ಗೆ ಪುಸ್ತಕ ತರುತ್ತಿದ್ದಾರಂತೆ. ಆರು ವರ್ಷದ ಹಿಂದೆ ನೀನು ಅವರಿಗೆ ಬರೆದಿದ್ದ ಪತ್ರವನ್ನು ಓದಿ ಹೇಳಿದಳು: "ದೂರದರ್ಶಕದ ಕನ್ನಡಿ ಉಜ್ಜಿ ತಯಾರಿಸಿದವನು ನನ್ನ ಗೆಳೆಯ. ಹೆಸರು ಬೇಡ ಅನ್ನುತ್ತಿದ್ದಾನೆ. ಮುಂದೆ ಒಪ್ಪಿದರೆ ಅವನ ಹೆಸರೇ ಮೊದಲು ಹಾಕಿ."

ಬೇಡ ಅಂದಿದ್ದು ನಿಜ. ನಮ್ಮ ಮಾಳಿಗೆಯಿಂದ ತೆಗೆದ ಆಕಾಶದ ಫೋಟೋದಲ್ಲಿ ನೀನು ಆ ಹೊಸ ಚುಕ್ಕಿ ತೋರಿಸಿದಾಗ, "ಅದು ಧೂಳು ಕಣೋ. ನಗೆಪಾಟಲಾಗೋದಾದ್ರೆ ನೀನೊಬ್ಬನೇ ಆಗು, ನನ್ನ ಹೆಸರು ಎತ್ತಬೇಡ" ಅಂದಿದ್ದೆ. ಅದು ನಕ್ಷತ್ರವೇ ಎಂದು ಖಚಿತವಾಗಿ, ಪತ್ರಿಕೆಯಲ್ಲಿ ನಿನ್ನೊಬ್ಬನ ಹೆಸರು ಬಂದ ಮೇಲೆ ಊರಿಗೆಲ್ಲ ನಿನ್ನನ್ನು ಕಳ್ಳ ಅಂದೆ. ನಿನ್ನ ಬಸ್ ಡಿಪೋದಲ್ಲೂ ಅಂದೆ, ನಿನ್ನ ಹೆಂಡತಿಯ ಎದುರಿಗೂ ಅಂದೆ.

ಆಗ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ? ಅಂಗಡಿಗೆ ಬಂದು ಆ ಪತ್ರದ ಪ್ರತಿಯನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇಂಥ ದೊಡ್ಡತನವನ್ನು ನಿನ್ನ ಹತ್ತಿರ ಯಾರು ಕೇಳಿದ್ದರು?

"ಈಗ ನಿಮ್ಮ ಹೆಸರು ಹಾಕಬಹುದಾ ಸರ್?" ಎಂದಳು ಹುಡುಗಿ.

"ಬೇಡಮ್ಮ. ಅದು ಅವನದು."

"ಅವರನ್ನ ಕೊನೇ ಸಲ ಯಾವಾಗ ನೋಡಿದ್ರಿ?"

ನಿನ್ನನ್ನು ಚಟ್ಟದ ಮೇಲೆ ಹೊತ್ತುಕೊಂಡು ಹೋದದ್ದು ನನ್ನ ಅಂಗಡಿಯ ಮುಂದೆಯೇ. ನಾನು ಒಳಗೆ ಯಾರದೋ ಕನ್ನಡಕ ಒರೆಸುತ್ತಿದ್ದೆ. ತಲೆ ಎತ್ತಲಿಲ್ಲ.