ರೋಸ್ ದಿನವೇ ಗೋಧಿ ಕೊಯ್ಲು

ಜೂಡಿತ್,

ಬೈಯಬೇಡ. ನಾರೋಕಿನ ನಮ್ಮ ಗೋಧಿ ಹೊಲಕ್ಕೆ ಹೊರಟೆ. ಬಯಲಿನ ಮೇಲೆ ಮೋಡ ಕಟ್ಟಿದೆಯಂತೆ. ಮಾಗಿದ ಗೋಧಿ ನೆನೆದರೆ ತೆನೆಯಲ್ಲೇ ಮೊಳಕೆ ಬರುತ್ತದೆ, ಕೊಯ್ಯುವ ಮೆಷಿನ್ ಇವತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲ. ರಾತ್ರಿ ಮಲಗಿದರೂ ನನ್ನ ಕಣ್ಣೆಲ್ಲ ಕಿಟಕಿಯ ಕಡೆಗೇ. ಐರಿನ್ ಅದನ್ನು ನೋಡಿ, "ಡ್ಯಾಡಿ, ಜಸ್ಟ್ ಗೋ" ಅಂದಳು. ಸಿಟ್ಟೋ ಪ್ರೀತಿಯೋ, ತಿಳಿಯಲಿಲ್ಲ.

ಪಿಕಪ್ ನನ್ನ ಹತ್ತಿರ ಇದೆ. ವೆಸ್ಟ್‌ಲ್ಯಾಂಡ್ಸ್ ಪೇಟೆಯಿಂದ ಹೂವು ತರಲು ಟ್ಯಾಕ್ಸಿ ಮಾಡು. ತೆಂಗಿನಕಾಯಿ ಈಗಲೇ ತುರಿಸಬೇಡ, ಹಾಲು ಹುಳಿಯಾಗುತ್ತದೆ.

ಸಂಜೆ ರೋಸ್ ಶಾಸ್ತ್ರಕ್ಕೆ ನಿನ್ನ ಅಣ್ಣ ಅವಸರ ಮಾಡುತ್ತಾನೆ, ಮಾಡಲಿ. ನಾಳೆ ಮದುವೆಯಾಗುವ ಮಗಳು ಐರಿನ್ ತಲೆಗೆ ಮೊದಲು ತೆಂಗಿನಹಾಲು ಹಾಕಬೇಕಾದವನು ನಾನು. ಕೊಯ್ಲು ಅರ್ಧಕ್ಕೆ ಬಿಟ್ಟಾದರೂ ಬಂದೇ ಬರುತ್ತೇನೆ.

ಬಂದ ಕೂಡಲೇ ನನ್ನನ್ನು ಸ್ನಾನಕ್ಕೆ ಅಟ್ಟಬೇಡ. ಚಿಕ್ಕವಳಿದ್ದಾಗ ನನ್ನ ಕೂದಲಿನಿಂದ ಗೋಧಿಹೊಟ್ಟು ಆರಿಸುತ್ತಿದ್ದವಳು ಅವಳೇ. ಇವತ್ತೊಂದು ಸಲ ಆರಿಸಲಿ.

ಬೋನಿ