ಆರದ ವಾಸನೆ

ಮಾರ್ಚ್ 3, ಬೆಳಿಗ್ಗೆ

ಸರ್ವರ್ ರೂಮ್. ಎ.ಸಿ. ಚಳಿ, ಸ್ವೆಟರ್, ತಣ್ಣಗಾದ ಕಾಫಿ. ಆಸ್ಪತ್ರೆಯ ನೆಟ್‌ವರ್ಕಿನಲ್ಲಿ ನನ್ನ ಇರುವೆಗಳ ಓಡಾಟ. ಇರುವೆ ಅಂದರೆ ಡೇಟಾದ ಪುಟ್ಟ ಪ್ಯಾಕೆಟ್ — ಬೇಗ ತಲುಪಿದ ದಾರಿಯಲ್ಲಿ ವಾಸನೆ ಬಿಟ್ಟು ಬರುತ್ತದೆ, ಉಳಿದ ಡೇಟಾ ಅದರ ಜಾಡು ಹಿಡಿಯುತ್ತದೆ. ವಾಸನೆ ತಾನಾಗಿ ಆರಬೇಕು. ಆರದಿದ್ದರೆ ದಾರಿ ಮುರಿದರೂ ಎಲ್ಲ ಅಲ್ಲಿಗೇ ನುಗ್ಗುತ್ತವೆ. ಅಡುಗೆಮನೆ ಗೋಡೆಯ ಇರುವೆ ಸಾಲು ನೋಡಿ ನೋಡಿ ಕಟ್ಟಿದ್ದು ಇದನ್ನು.

ಮಾರ್ಚ್ 6

ಹೊಟ್ಟೆ ಉರಿಯುತ್ತಿದೆ. ಕೋಟು — ನಮ್ಮ ಹೆಡ್, ಸೆಕೆಯಲ್ಲೂ ಕೋಟು ಬಿಚ್ಚದವನು — ಡೈರೆಕ್ಟರ್ ಮುಂದೆ "ನನ್ನ ಇರುವೆಗಳು" ಅಂದ. ನಾನು ಪಕ್ಕದಲ್ಲೇ ಕೂತು ಸ್ಲೈಡ್ ಬದಲಾಯಿಸುತ್ತಿದ್ದೆ. ಹೊರಗೆ ಬಂದು ನನಗೆ, "ಟೀಮ್ ವರ್ಕ್ ಅಲ್ವೇನಮ್ಮ?" ಅಂದ.

ಬಿಡುವುದಿಲ್ಲ ಇವನನ್ನು.

ಮಾರ್ಚ್ 14, ಮಧ್ಯಾಹ್ನ

ಸಿಕ್ಕಿತು ಜುಟ್ಟು. ಪರದೆ ಮೇಲೆ ದಾರಿ ತೋರಿಸುವ ಗೆರೆಗಳು ಅತ್ತಿತ್ತ ಹಾರಾಡಿದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಕೋಟು ವಾಸನೆ ಆರುವುದನ್ನೇ ಆಫ್ ಮಾಡಿಬಿಟ್ಟಿದ್ದಾನೆ. ಈಗ ಒಂದೇ ದಪ್ಪ ಗೆರೆ, ಎಲ್ಲ ಡೇಟಾ ಒಂದೇ ಕೇಬಲ್ಲಿನಲ್ಲಿ. ಹೇಳಲಾ? ಯಾಕೆ ಹೇಳಲಿ. ಆ ಕೇಬಲ್ ಒಂದು ದಿನ ಕೈ ಕೊಡುತ್ತದೆ. ಅವತ್ತು ಕಾಲ ಮೇಲೆ ಕಾಲು ಹಾಕಿ ಕೂತು ನೋಡುತ್ತೇನೆ.

ಮಾರ್ಚ್ 29

ದರಿದ್ರ ಕೇಬಲ್, ಇನ್ನೂ ಗಟ್ಟಿಯಾಗಿದೆ.

ಅಕ್ಕನ ಫೋನ್. ಇದೇ ಆಸ್ಪತ್ರೆಯ ಐ.ಸಿ.ಯು.ನಲ್ಲಿ ನರ್ಸ್ ಅವಳು. "ಮುಂದಿನ ವಾರದಿಂದ ನಮ್ಮ ಮಾನಿಟರ್‌ಗಳೂ ನಿಮ್ಮ ನೆಟ್‌ವರ್ಕಿಗೆ ಬರ್ತವಂತೆ ಕಣೇ. ಅಲಾರಂ ನಮ್ಮ ಟೇಬಲ್ಲಿಗೇ ಬರುತ್ತಂತೆ. ಓಡಾಟ ತಪ್ಪಿತು."

ಆ ಕೇಬಲ್ ಕೈ ಕೊಟ್ಟರೆ ಅಲಾರಂ ಅವಳ ಟೇಬಲ್ ತಲುಪುವುದೇ ಇಲ್ಲ. ಕೋಟಿಗೆ ಗುಟ್ಟಾಗಿ ಹೇಳಿದರೆ ಸರಿಪಡಿಸಿದ ಹೆಸರೂ ಅವನದೇ. ಇಲ್ಲ... ಎಲ್ಲರ ಮುಂದೆಯೇ.

ಮಾರ್ಚ್ 31, ಸಂಜೆ

ಮೀಟಿಂಗ್. ಡೈರೆಕ್ಟರ್, ಡಾಕ್ಟರುಗಳು, ಐ.ಸಿ.ಯು. ಪರವಾಗಿ ಅಕ್ಕ. ಎದ್ದು ನಿಂತೆ. "ಸರ್, ಟೆಸ್ಟ್ ಮಾನಿಟರ್ ಹಾಕಿ, ಆ ದಪ್ಪ ಗೆರೆಯ ಕೇಬಲ್ ಕಿತ್ತು ನೋಡೋಣ."

ಕೋಟು ನಕ್ಕ. "ಕೀಳಮ್ಮ. ನನ್ನ ಇರುವೆಗಳು ಬೇರೆ ದಾರಿ ಹುಡುಕ್ತವೆ."

ಕಿತ್ತೆ. ಅಲಾರಂ ಬರಲಿಲ್ಲ. ಕಾದರು... ಬರಲೇ ಇಲ್ಲ. ವಾಸನೆ ಆರುವುದನ್ನು ಮತ್ತೆ ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಬೇರೆ ದಾರಿಯಿಂದ ಕೀಂಯ್ ಅಂತ ಬಂತು. ಯಾರು ಆಫ್ ಮಾಡಿದ್ದು, ಯಾಕೆ, ಎಲ್ಲ ಬಿಡಿಸಿ ಹೇಳಿದೆ. ಕೋಟು ಬೆವರಿ ಕೋಟು ಬಿಚ್ಚಿದ. ಎಂಥ ಹಿತ! ಇನ್ನೊಂದು ಸಲ ನೋಡಬೇಕು ಅನ್ನಿಸಿತು.

ಆಮೇಲೆ ಕಾರಿಡಾರಿನಲ್ಲಿ ಅಕ್ಕ ಕೈ ಹಿಡಿದು ನಿಲ್ಲಿಸಿದಳು. "ರಕ್ತದ ರಿಪೋರ್ಟೆಲ್ಲ ಇಷ್ಟು ದಿನ ಇದರಲ್ಲೇ ಬರ್ತಿತ್ತಲ್ಲೇ. ನಿಂಗೆ ಯಾವಾಗ ಗೊತ್ತಾಯ್ತು?"

ನಿನ್ನೆ ಅಂದೆ.

ನಂಬಿದಳು. ತಲೆ ಸವರಿದಳು. "ನೀನಿದೀಯ ಅಂತಲೇ ನಮಗೆ ಧೈರ್ಯ" ಅಂದು ವಾರ್ಡಿಗೆ ಓಡಿದಳು.

ಹದಿನಾಲ್ಕನೇ ತಾರೀಖಿನಿಂದ ನಾನು —