ದೇವರ ಮಂಟಪದ ಹಿಂದಿನ ಗೋಡೆ

ಜುಲೈ ೧೪, ಸೋಮವಾರ. ವಡಾಲ

ದೇವರ ಮಂಟಪದ ಹಿಂದಿನ ಗೋಡೆ ಇನ್ನೊಂದು ಗೇಣು ಒದ್ದೆಯಾಗಿದೆ. ಹೊಸ ಮನೆಯ ಕೀಲಿ ಕೈಗೆ ಬಂದು ಎರಡು ತಿಂಗಳಾಗಿಲ್ಲ, ಬಣ್ಣ ಆಗಲೇ ಹಪ್ಪಳದ ಹಾಗೆ ಎದ್ದಿದೆ.

ಶನಿವಾರ ಬಿಲ್ಡರ್ ಕಡೆಯ ಇಂಜಿನಿಯರ್ ಬಂದಿದ್ದ. ಮೇಲಿನ ಖಾಲಿ ಫ್ಲ್ಯಾಟಿನ ಬಾತ್‌ರೂಮ್ ಪೈಪ್ ನೋಡಿ ಎಂದೆ. ಅವನು ಮಾವನ ಸಾಲಿಗ್ರಾಮದ ತಟ್ಟೆಯನ್ನೇ ನೋಡಿದ. "ಭಾಭೀಜಿ, ರೋಜ್ ಪೂಜಾ ಮೇ ಪಾನಿ ಡಾಲ್ತೇ ಹೋ ನಾ? ಉಸೀ ಸೇ ಲೀಕೇಜ್ ಹೈ." ಪೂಜೆಯ ನೀರಿನಿಂದ ಗೋಡೆ ಸೋರುತ್ತದಂತೆ! ಹಾಕುವುದು ಉದ್ಧರಣೆ ಚಮಚದಲ್ಲಿ ನಾಲ್ಕು ಸಲ ನೀರು, ಅದನ್ನೂ ತೀರ್ಥವೆಂದು ನಾವೇ ಕುಡಿಯುತ್ತೇವೆ. ಇಷ್ಟನ್ನು ಹಿಂದಿಯಲ್ಲಿ ಹೇಳಲು ನನಗೆ ಬಾಯೇ ಬರಲಿಲ್ಲ. ಸಂಜೆಗೆ ಮೊಬೈಲಿನಲ್ಲಿ ಮೆಸೇಜು: ನಿಮ್ಮ ದೂರು ಬಗೆಹರಿದಿದೆ.

ಇವರಿಗೆ ಹೇಳಿದರೆ "ಫ್ಲ್ಯಾಟಿನವರೆಲ್ಲ ಸೇರಿ ಸೊಸೈಟಿ ಆಗ್ಲಿ, ಮತ್ತೆ ನೋಡುವ" ಎಂದು ಹೋಟೆಲಿಗೆ ಹೊರಟರು.

ಬೆಳಿಗ್ಗೆ ಪೂಜೆಯಾದ ಮೇಲೆ ಎಂದಿನಂತೆ ತೀರ್ಥಕ್ಕೆ ಕೈಯೊಡ್ಡಿದೆ. ಮಾವ ಬರೀ ಒಂದು ತುಳಸಿ ಎಲೆ ಇಟ್ಟರು.

"ಸ್ವಲ್ಪ ದಿನ ಅಭಿಷೇಕ ನಿಲ್ಲಿಸಿ ನೋಡುವ ಮಗಾ. ನನ್ನಿಂದಲೇ ಆದದ್ದಾದ್ರೆ?"

ಅಲ್ಲ ಮಾವ, ಅಲ್ಲ ಎಂದೆ. ನಂಬಲಿಲ್ಲ.

ಮಲಗುವ ಮೊದಲು ಹೋಗಿ ನೋಡಿದೆ. ದಿನವಿಡೀ ಒಣಗಿದ್ದ ಸಾಲಿಗ್ರಾಮದ ತಟ್ಟೆಯಲ್ಲಿ ನೀರಿದೆ. ಗೋಡೆಯಿಂದಲೇ ತೊಟ್ಟಿಕ್ಕಿದ್ದು. ಒರೆಸಿಟ್ಟರೆ ಮಾವ ತಪ್ಪು ತಮ್ಮದೇ ಎಂದುಕೊಂಡೇ ಇರುತ್ತಾರೆ. ಹಾಗೇ ಬಿಟ್ಟರೆ, ಬೆಳಿಗ್ಗೆ ಎದ್ದವರೇ ದೇವರ ತಟ್ಟೆಯಲ್ಲಿ ಬಾತ್‌ರೂಮಿನ ನೀರು ನೋಡಿ…

ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇದೆ.